ನಮ್ಮವರ ವೀಸಾ, ಅವರ ಮಕ್ಕಳ ಓದು

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಅಮೆರಿಕದ ಕೆಲಸಕ್ಕೆ ಹೊರಟಾಗ ಅಲ್ಲಿನ ಯಾವುದೋ ಬಡ ವಿದ್ಯಾರ್ಥಿಯ ಓದಿಗೆ ಒಂದಷ್ಟು ಹಣ ಜಮೆಯಾಗುತ್ತದೆ. ಆ ಹಣ ನೇರವಾಗಿ ಹೋಗುವುದು ವಿದ್ಯಾರ್ಥಿಯ ಕೈಗಲ್ಲ, ಕಾಲೇಜಿಗೆ. ಏಕೆ ಹಾಗೆ? ಅದರಲ್ಲಿ ನಮಗೇನಾದರೂ ಪಾಠವಿದೆಯೇ?

"ಏನ್ರೀ, ಮಗನಿಗೆ ಎಚ್‌-1ಬಿ ಆಯ್ತಂತೆ?"

ತೊಂಬತ್ತರ ದಶಕದ ಕೊನೆಯಲ್ಲಿ, ವೈ2ಕೆ ಗಾಬರಿಯ ದಿನಗಳಲ್ಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಬೆಳಗಿನ ವಾಕಿಂಗ್‌ನಲ್ಲಿ ಕೇಳಿಬರುತ್ತಿದ್ದ ಮಾತಿದು. ಬರಬರುತ್ತ ಅದು ಹಾಸನ, ದಾವಣಗೆರೆ, ಕಲಬುರ್ಗಿಗಳಿಗೂ ಹಬ್ಬಿತು. ವೀಸಾ ಆಯಿತೆಂದರೆ ಮನೆಯಲ್ಲಿ ಪೇಡ ಹಂಚುತ್ತಾರೆ, ಚಟ್ನಿಪುಡಿ ಕಟ್ಟುತ್ತಾರೆ, ಸೂಟ್‌ಕೇಸಿನ ತೂಕ ನೋಡುತ್ತಾರೆ. ಈ ಸಂಭ್ರಮದಲ್ಲಿ ಒಂದು ಲೆಕ್ಕ ಯಾರ ಗಮನಕ್ಕೂ ಬರುವುದಿಲ್ಲ.

ಎಚ್‌-1ಬಿ ವೀಸಾದಲ್ಲಿ ನೌಕರನನ್ನು ಕರೆಸಿಕೊಳ್ಳುವ ಕಂಪನಿ ಅಮೆರಿಕ ಸರ್ಕಾರಕ್ಕೆ ಹಲವು ಬಗೆಯ ಶುಲ್ಕ ಕಟ್ಟಬೇಕು. ಅವುಗಳಲ್ಲೊಂದು 1,500 ಡಾಲರಿನದು. 25 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಕಂಪನಿಯಾದರೆ 750. ಇದನ್ನು ಕಂಪನಿಯೇ ಕಟ್ಟಬೇಕು, ನೌಕರನ ಸಂಬಳದಿಂದ ಹಿಡಿಯುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. 2004ರ ಕಾನೂನಿನ ಪ್ರಕಾರ ಈ ಹಣದಲ್ಲಿ ಶೇ. 30ರಷ್ಟು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹೋಗುತ್ತದೆ. ಅಲ್ಲಿಂದ ವಿಜ್ಞಾನ, ಎಂಜಿನಿಯರಿಂಗ್, ಗಣಿತ ಓದುವ ಬಡ ಅಮೆರಿಕನ್ ವಿದ್ಯಾರ್ಥಿಗಳಿಗೆ. 1,500 ಡಾಲರಿನ ಶೇ. 30 ಎಂದರೆ 450 ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 40 ಸಾವಿರ ರೂಪಾಯಿ.

ಈ ವೀಸಾ ಅನುಮೋದನೆಗಳಲ್ಲಿ ಹಲವು ವರ್ಷಗಳಿಂದ ಹತ್ತರಲ್ಲಿ ಏಳರಷ್ಟು ಭಾರತೀಯರ ಪಾಲಾಗಿವೆ. ಅಂದಮೇಲೆ ಅಮೆರಿಕದ ಯಾವುದೋ ಸಣ್ಣ ಊರಿನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಬಸ್ ಚಾಲಕನ ಮಗಳ ಫೀಜಿನಲ್ಲಿ ತುಮಕೂರಿನ ಹುಡುಗನ ವೀಸಾದ ಪಾಲೂ ಇರಬಹುದು. ಅವಳಿಗೆ ಅದು ಗೊತ್ತಿಲ್ಲ. ನಮ್ಮ ಹುಡುಗನಿಗೂ ಗೊತ್ತಿಲ್ಲ.

(ಒಂದು ಗೊಂದಲ ಬೇಡ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಘೋಷಿಸಿ ಗದ್ದಲವೆಬ್ಬಿಸಿದ ಒಂದು ಲಕ್ಷ ಡಾಲರಿನ ಶುಲ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಬಹಳ ಹಳೆಯದು.)

ಜಗಳದಲ್ಲಿ ಹುಟ್ಟಿದ ವಿದ್ಯಾರ್ಥಿವೇತನ

ಈ ಏರ್ಪಾಡು ಹುಟ್ಟಿದ್ದು ಒಂದು ಜಗಳದಲ್ಲಿ. 1998ರಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಗಳು, "ನಮಗೆ ಎಂಜಿನಿಯರುಗಳು ಸಾಲುತ್ತಿಲ್ಲ, ಹೊರಗಿನಿಂದ ಇನ್ನಷ್ಟು ಜನರನ್ನು ಕರೆಸಲು ಬಿಡಿ" ಎಂದು ಸರ್ಕಾರದ ಬಾಗಿಲು ಬಡಿದವು. ವಿರೋಧಿಗಳು, "ನಮ್ಮ ಮಕ್ಕಳಿಗೇ ಕಲಿಸುವ ಬದಲು ಅಗ್ಗದ ಕೂಲಿಗೆ ಪರದೇಶದವರನ್ನು ತರುತ್ತೀರಾ?" ಎಂದು ಸಿಟ್ಟಾದರು. ಕೊನೆಗೆ ರಾಜಿಯಾಯಿತು. ಅದುವರೆಗೆ ವರ್ಷಕ್ಕೆ 65 ಸಾವಿರವಿದ್ದ ವೀಸಾ ಮಿತಿಯನ್ನು ಎರಡು ವರ್ಷದ ಮಟ್ಟಿಗೆ 1 ಲಕ್ಷ 15 ಸಾವಿರಕ್ಕೆ ಏರಿಸಲಾಯಿತು. ಬದಲಿಗೆ ಕಂಪನಿಗಳು ಪ್ರತಿ ಅರ್ಜಿಗೆ 500 ಡಾಲರ್ ಹೆಚ್ಚಿಗೆ ಕಟ್ಟಬೇಕು. ಆ ಹಣದಲ್ಲಿ ಅಮೆರಿಕದ ಕೆಲಸಗಾರರಿಗೆ ತರಬೇತಿ, ಬಡ ಮಕ್ಕಳಿಗೆ ಓದು. ಮುಂದೆ ಶುಲ್ಕ ಸಾವಿರವಾಯಿತು, 2004ರಲ್ಲಿ ಒಂದೂವರೆ ಸಾವಿರವಾಯಿತು.

ನಮ್ಮಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ 1998ರಲ್ಲಿ. ಒಂದು ಕಡೆ ಎಂಜಿನಿಯರುಗಳು ಬೇಕೆಂದು ಕೂಗು, ಇನ್ನೊಂದು ಕಡೆ ಎಂಜಿನಿಯರುಗಳನ್ನು ತಯಾರು ಮಾಡುವ ಭರಾಟೆ!

ಈ ಹಣದಿಂದ ನಡೆಯುವ ಯೋಜನೆಯನ್ನು ಚಿಕ್ಕದಾಗಿ 'ಎಸ್‌-ಸ್ಟೆಮ್' ಎನ್ನುತ್ತಾರೆ. ಇದರ ರೀತಿಯೇ ಬೇರೆ. ಇಲ್ಲಿ ವಿದ್ಯಾರ್ಥಿ ಸರ್ಕಾರಕ್ಕೆ ಅರ್ಜಿ ಹಾಕುವುದಿಲ್ಲ, ಕಾಲೇಜು ಹಾಕುತ್ತದೆ. "ನಮ್ಮಲ್ಲಿ ಬುದ್ಧಿವಂತರಾದ, ಆದರೆ ಕೈಯಲ್ಲಿ ಕಾಸಿಲ್ಲದ ಇಂಥ ವಿದ್ಯಾರ್ಥಿಗಳಿದ್ದಾರೆ. ಅವರು ಇಂಥ ಹಂತದಲ್ಲಿ ಎಡವುತ್ತಿದ್ದಾರೆ. ಅವರನ್ನು ದಡ ಮುಟ್ಟಿಸಲು ನಾವು ಹೀಗೆ ಹೀಗೆ ಮಾಡುತ್ತೇವೆ" ಎಂದು ಅಧ್ಯಾಪಕರು ಕೂತು ಬರೆಯಬೇಕು. ಯೋಜನೆ ಒಪ್ಪಿಗೆಯಾದರೆ ಹಲವು ವರ್ಷಗಳ ಹಣ ಕಾಲೇಜಿಗೆ ಬರುತ್ತದೆ.

ಆ ಹಣ ಖರ್ಚಾಗಬೇಕಾದ ರೀತಿಗೂ ನಿಯಮವಿದೆ. ಕನಿಷ್ಠ ಶೇ. 60 ವಿದ್ಯಾರ್ಥಿವೇತನಕ್ಕೇ ಹೋಗಬೇಕು. ಪದವಿ ಓದುವವರಿಗೆ ತಲಾ ವರ್ಷಕ್ಕೆ 10 ಸಾವಿರ ಡಾಲರ್‌ವರೆಗೆ ಇದ್ದ ಮಿತಿ ನಂತರ 15 ಸಾವಿರಕ್ಕೆ ಏರಿತು. ಉಳಿದ ಶೇ. 40ರಲ್ಲಿ ಕಾಲೇಜು ಏನು ಮಾಡಬೇಕು? ಪ್ರತಿ ವಿದ್ಯಾರ್ಥಿಗೂ ಒಬ್ಬ ಅಧ್ಯಾಪಕ ಮಾರ್ಗದರ್ಶಕರನ್ನು ಗೊತ್ತುಮಾಡಬೇಕು, ಹಿಂದುಳಿದ ವಿಷಯಕ್ಕೆ ಪಾಠ ಹೇಳಿಸಬೇಕು, ಪ್ರಯೋಗಾಲಯದಲ್ಲಿ ನಿಜವಾದ ಸಂಶೋಧನೆಯ ರುಚಿ ತೋರಿಸಬೇಕು, ಈ ಮಕ್ಕಳೆಲ್ಲ ಒಂದು ಗುಂಪಾಗಿ ಬೆಳೆಯುವಂತೆ ನೋಡಿಕೊಳ್ಳಬೇಕು. ಫೀಜು ಕಟ್ಟಿ ಕೈತೊಳೆದುಕೊಂಡರೆ ಆಗಲಿಲ್ಲ.

ಏಕೆ ಇಷ್ಟೆಲ್ಲ? ಹಣ ಕೊಟ್ಟರೆ ಓದುವವರು ಓದಿಕೊಳ್ಳುವುದಿಲ್ಲವೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ, ಕ್ಯಾಲಿಫೋರ್ನಿಯಕ್ಕೆ ಹೋಗಬೇಕು.

ಒಂಟಿಯಾಗಿ ಓದಿದವರು

1970ರ ದಶಕ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ. ಯೂರಿ ಟ್ರೈಸ್‌ಮನ್ ಎಂಬ ಯುವಕ ಗಣಿತ ವಿಭಾಗದಲ್ಲಿ ಸಂಶೋಧನೆ ಮಾಡುತ್ತ, ಮೊದಲ ವರ್ಷದ ಕ್ಯಾಲ್ಕುಲಸ್ ತರಗತಿಗಳಿಗೆ ನೆರವಾಗುತ್ತಿದ್ದ. ಒಂದು ಸಂಗತಿ ಅವನನ್ನು ಕಾಡಿತು. ಕಪ್ಪು ಜನಾಂಗದ ವಿದ್ಯಾರ್ಥಿಗಳು ಹೈಸ್ಕೂಲಿನಲ್ಲಿ ಚೆನ್ನಾಗಿ ಓದಿ ಬಂದವರೇ. ಆದರೂ ಕ್ಯಾಲ್ಕುಲಸ್‌ನಲ್ಲಿ ಸೋಲುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಅದೇ ತರಗತಿಯಲ್ಲಿ ಮುಂದೆ ಬರುತ್ತಿದ್ದರು.

ಕಾರಣವೇನೆಂದು ಅಧ್ಯಾಪಕರನ್ನು ಕೇಳಿದ. ಎಲ್ಲರ ಬಳಿಯೂ ಸಿದ್ಧ ಉತ್ತರವಿತ್ತು: ಆಸಕ್ತಿ ಸಾಲದು, ಬುನಾದಿ ಸಾಲದು, ಮನೆಯವರ ಪ್ರೋತ್ಸಾಹವಿಲ್ಲ, ಬಡತನ. ನಮ್ಮ ಸ್ಟಾಫ್ ರೂಮುಗಳಲ್ಲೂ ಕೇಳಿಬರುವ ಪಟ್ಟಿಯೇ ಅಲ್ಲವೇ? ಟ್ರೈಸ್‌ಮನ್ ಇದನ್ನು ನಂಬಿ ಕೂರಲಿಲ್ಲ. 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ವಿದ್ಯಾರ್ಥಿಗಳನ್ನೂ ಆರಿಸಿಕೊಂಡು, ಅವರು ಓದುವ ಜಾಗಕ್ಕೇ ಹೋಗಿ, ಜತೆಯಲ್ಲಿದ್ದು ನೋಡಿದ. ಮನೆಯವರನ್ನೂ ಮಾತಾಡಿಸಿದ.

ಕಪ್ಪು ವಿದ್ಯಾರ್ಥಿಗಳ ಮನೆಯವರಿಗೆ ಮಕ್ಕಳ ಓದಿನ ಬಗ್ಗೆ ಅಪಾರ ಕಾಳಜಿಯಿತ್ತು. ಮಕ್ಕಳು ಸೋಮಾರಿಗಳಾಗಿರಲಿಲ್ಲ. ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಓದಿ ಎಂದು ಮೇಷ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದ್ದರು. ವ್ಯತ್ಯಾಸವಿದ್ದದ್ದು ಒಂದೇ ಕಡೆ. 20 ಜನರಲ್ಲಿ 18 ಮಂದಿ ಎಂದೂ ಸಹಪಾಠಿಗಳ ಜೊತೆ ಕೂತು ಓದಿರಲಿಲ್ಲ. ಗೆಳೆಯರ ಹಾವಳಿಗೆ ಸಿಗದೆ ಒಬ್ಬರೇ ಕೂತು ಓದಿದ್ದರಿಂದಲೇ ಅವರು ಹೈಸ್ಕೂಲಿನಲ್ಲಿ ಗೆದ್ದಿದ್ದರು. ಆ ಗೆಲುವಿನ ಗುಟ್ಟೇ ವಿಶ್ವವಿದ್ಯಾಲಯದಲ್ಲಿ ಅವರ ಕಾಲಿಗೆ ತೊಡಕಾಯಿತು.

ಚೀನೀ ವಿದ್ಯಾರ್ಥಿಗಳು ಮೊದಲು ಒಬ್ಬೊಬ್ಬರೇ ಓದಿ, ಸಂಜೆ ಒಟ್ಟಿಗೆ ಸೇರುತ್ತಿದ್ದರು. ಉತ್ತರ ಹೋಲಿಸುತ್ತಿದ್ದರು, ಒಬ್ಬರ ಇಂಗ್ಲಿಷನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಯಾವುದಾದರೂ ಲೆಕ್ಕ ಯಾರಿಗೂ ಬಾರದಿದ್ದರೆ "ಇದು ಕಷ್ಟದ ಲೆಕ್ಕ" ಎಂದು ಅವರಿಗೆ ತಿಳಿಯುತ್ತಿತ್ತು. ಒಂಟಿಯಾಗಿ ಕೂತವನಿಗೆ ಅದು ತಿಳಿಯುವುದು ಹೇಗೆ? "ನನಗೇ ಬುದ್ಧಿಯಿಲ್ಲ" ಎಂದು ಅವನು ಪುಸ್ತಕ ಮುಚ್ಚುತ್ತಾನೆ.

ಟ್ರೈಸ್‌ಮನ್ ಮಾಡಿದ ಉಪಾಯ ಸರಳ. ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ ಲೆಕ್ಕ ಕೊಟ್ಟ. ಆದರೆ 'ದಡ್ಡರ ಟ್ಯೂಷನ್' ನಡೆಸಲಿಲ್ಲ. ಪಠ್ಯದಲ್ಲಿರುವುದಕ್ಕಿಂತ ಕಷ್ಟದ ಲೆಕ್ಕಗಳನ್ನೇ ಕೊಟ್ಟ. ನೀವು ಬುದ್ಧಿವಂತರೆಂದೇ ಇಲ್ಲಿದ್ದೀರಿ, ಜೊತೆಯಾಗಿ ಬಿಡಿಸಿ ಎಂಬುದು ಅದರ ಧಾಟಿ. ಅಲ್ಲಿ ಕೂತು ಕಲಿತ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಉಳಿದವರನ್ನು ಸರಿಗಟ್ಟಿದರು, ಹಲವರು ಮೀರಿಸಿದರು. ಈ ಪ್ರಯೋಗ ಮುಂದೆ ಅಮೆರಿಕದ ಹತ್ತಾರು ಕಾಲೇಜುಗಳಿಗೆ ಹಬ್ಬಿತು.

ಹತ್ತೊಂಬತ್ತು ಹುಡುಗರ ಕಥೆ

ಎರಡನೆಯ ಕಥೆ ಅಮೆರಿಕದ ಪೂರ್ವ ತೀರದ್ದು. 1963ರಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದ ಚರ್ಚೊಂದರಲ್ಲಿ 12 ವರ್ಷದ ಹುಡುಗನೊಬ್ಬ ತಂದೆತಾಯಿಯ ಒತ್ತಾಯಕ್ಕೆ ಬಂದು, ಹಿಂದಿನ ಸಾಲಿನಲ್ಲಿ ಗಣಿತದ ಲೆಕ್ಕ ಮಾಡುತ್ತ ಕುಳಿತಿದ್ದ. ಭಾಷಣ ಮಾಡುತ್ತಿದ್ದವರು ಮಾರ್ಟಿನ್ ಲೂಥರ್ ಕಿಂಗ್. ಮಕ್ಕಳೂ ಮೆರವಣಿಗೆಗೆ ಬಂದರೆ ಒಳ್ಳೆಯ ಶಾಲೆಗಳಲ್ಲಿ ಓದುವ ಹಕ್ಕು ಸಿಗುತ್ತದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಹುಡುಗ ತಲೆಯೆತ್ತಿದ. ಮೆರವಣಿಗೆಗೆ ಹೋದ. ಐದು ದಿನ ಜೈಲಿನಲ್ಲಿದ್ದ.

ಆ ಹುಡುಗನ ಹೆಸರು ಫ್ರೀಮನ್ ರಬೌಸ್ಕಿ. ಮುಂದೆ ಗಣಿತ ಓದಿ, ಬಾಲ್ಟಿಮೋರ್ ಬಳಿಯ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಶಾಖೆಯೊಂದಕ್ಕೆ ಆಡಳಿತಗಾರರಾಗಿ ಬಂದರು. ಅಲ್ಲಿ ವಿಜ್ಞಾನ ವಿಭಾಗಗಳಲ್ಲಿ ಕಪ್ಪು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಉದುರಿಹೋಗುತ್ತಿದ್ದರು. 1988ರಲ್ಲಿ ಆ ಊರಿನ ಶ್ರೀಮಂತ ದಂಪತಿ ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ಹಣ ಕೊಡಲು ಮುಂದೆ ಬಂದರು. ಮರುವರ್ಷ 19 ಕಪ್ಪು ಹುಡುಗರ ಮೊದಲ ತಂಡ ಸೇರಿತು. 1990ರಲ್ಲಿ ಹುಡುಗಿಯರಿಗೂ, 1996ರಲ್ಲಿ ಎಲ್ಲ ಜನಾಂಗದವರಿಗೂ ಬಾಗಿಲು ತೆರೆಯಿತು.

ಕಾಲೇಜು ಶುರುವಾಗುವ ಮುನ್ನವೇ ಬೇಸಿಗೆಯಲ್ಲಿ ಇಡೀ ತಂಡವನ್ನು ಒಟ್ಟಿಗೆ ಇರಿಸಿ ಕ್ಯಾಲ್ಕುಲಸ್ ಪಾಠ. ಆಮೇಲೂ ಒಟ್ಟಿಗೇ ವಾಸ, ಗುಂಪಿನಲ್ಲಿ ಓದು. ಒಬ್ಬರು ಜಾರಿದರೆ ಉಳಿದವರು ಕೈಹಿಡಿಯಬೇಕು. ಪ್ರಯೋಗಾಲಯದಲ್ಲಿ ಬೇಗನೆ ಕೆಲಸ, ಹೆಸರಾಂತ ವಿಜ್ಞಾನಿಗಳ ಒಡನಾಟ. ತಂದೆತಾಯಿಯೂ ಕಾರ್ಯಕ್ರಮದ ಭಾಗ. ಅಂಕ ಕಡಿಮೆಯಾದರೆ ವಿದ್ಯಾರ್ಥಿವೇತನಕ್ಕೂ ಕುತ್ತು. ಇಲ್ಲಿ ಮುದ್ದು ಎಷ್ಟೋ ಶಿಸ್ತೂ ಅಷ್ಟೇ.

ಕೊರೋನಾ ಕಾಲದಲ್ಲಿ ಮಾಡರ್ನಾ ಲಸಿಕೆಯ ಹೆಸರು ಕೇಳಿದ್ದೀರಿ. ಅದರ ಹಿಂದಿನ ಸಂಶೋಧನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಕಿಜ್‌ಮೇಕಿಯಾ ಕಾರ್ಬೆಟ್ ಎಂಬಾಕೆ 2008ರಲ್ಲಿ ಪದವಿ ಪಡೆದದ್ದು ಇದೇ ಕಾರ್ಯಕ್ರಮದಿಂದ. ದಂಪತಿಯೊಬ್ಬರು ಕಾಲೇಜಿಗೆ ಕೊಟ್ಟ ಹಣ ಎಲ್ಲಿಂದೆಲ್ಲಿಗೆ ಮುಟ್ಟಿತು ನೋಡಿ.

ಎಲ್ಲವೂ ಅಲ್ಲಿ ಸುಖವಲ್ಲ

ಇದನ್ನು ಓದಿ ಅಮೆರಿಕದಲ್ಲಿ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ. ಹಿಂದುಳಿದ ಜನಾಂಗಗಳ ಮಕ್ಕಳನ್ನು ವಿಜ್ಞಾನಕ್ಕೆ ತರಲು ಕಾಲೇಜುಗಳ ಒಕ್ಕೂಟಗಳಿಗೇ ಹಣ ಕೊಡುವ ದೊಡ್ಡ ಯೋಜನೆಯೊಂದನ್ನು ನ್ಯಾಷನಲ್ ಸೈನ್ಸ್ ಫೌಂಡೇಶನ್ 1991ರಲ್ಲೇ ಆರಂಭಿಸಿತ್ತು. ಅದಕ್ಕೆ ಲೂಯಿಸ್ ಸ್ಟೋಕ್ಸ್ ಎಂಬ ಸಂಸದರ ಹೆಸರಿದೆ. ಆದರೆ ಇಂಥ ಯೋಜನೆಗಳು ನ್ಯಾಯವೋ ಪಕ್ಷಪಾತವೋ ಎಂಬ ವಾದ ಅಲ್ಲಿ ಎಂದೂ ನಿಂತಿಲ್ಲ. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಕೂಡದೆಂದು ತೀರ್ಪಿತ್ತಿತು. 2025ರ ಏಪ್ರಿಲ್‌ನಲ್ಲಿ ಸೈನ್ಸ್ ಫೌಂಡೇಶನ್ ತನ್ನ ಆದ್ಯತೆಗೆ ಹೊಂದುವುದಿಲ್ಲವೆಂದು ಹೇಳಿ ನೂರಾರು ಅನುದಾನಗಳನ್ನು ನಡುವಿನಲ್ಲೇ ರದ್ದುಮಾಡಿತು. ವೈವಿಧ್ಯ, ಸಮಾನ ಅವಕಾಶಗಳ ಹೆಸರಿನ ಯೋಜನೆಗಳಿಗೆ ಹೆಚ್ಚು ಪೆಟ್ಟು ಬಿತ್ತು.

ವೀಸಾ ಹಣದ 'ಎಸ್‌-ಸ್ಟೆಮ್' ಯೋಜನೆಯ ಬುನಾದಿ ಬೇರೆ. ಅದು ಕೇಳುವುದು ಜನಾಂಗವನ್ನಲ್ಲ, ಬಡತನವನ್ನು ಮತ್ತು ಪ್ರತಿಭೆಯನ್ನು. ಅದರ ಹಣವೂ ಸರ್ಕಾರದ ವಾರ್ಷಿಕ ಬಜೆಟ್ಟಿನಿಂದಲ್ಲ, ಶುಲ್ಕದಿಂದ ಬರುವಂಥದು. ಯಾವ ಹಣ ಯಾವ ಮೂಲದಿಂದ ಬರುತ್ತದೆ ಎಂಬುದರ ಮೇಲೂ ಮಕ್ಕಳ ಭವಿಷ್ಯ ನಿಂತಿರುತ್ತದೆ.

ವಾರಾನ್ನದಿಂದ ಬ್ಯಾಂಕ್ ಖಾತೆಗೆ

ಇನ್ನು ನಮ್ಮ ಮನೆಯ ವಿಚಾರ.

ಬಡ ವಿದ್ಯಾರ್ಥಿಯನ್ನು ಸಾಕುವುದು ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಬಾಗಿಲುಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ ಎಂಬುದನ್ನೂ ಮರೆಯಬಾರದು. ಆಮೇಲೆ ಮಠಗಳ ಉಚಿತ ಪ್ರಸಾದ ನಿಲಯಗಳು, ಸಮುದಾಯಗಳ ಬೋರ್ಡಿಂಗ್‌ಗಳು, ಸರ್ಕಾರದ ಹಾಸ್ಟೆಲುಗಳು ಬಂದವು. ಇವು ಅನ್ನದ ಜೊತೆಗೆ ಇನ್ನೊಂದನ್ನೂ ಕೊಟ್ಟವು: ಜೊತೆ. ಒಂದೇ ದೀಪದ ಕೆಳಗೆ ಹತ್ತು ಹುಡುಗರು ಕೂತು ಓದುತ್ತಿದ್ದರು. ಸೀನಿಯರ್ ಹೇಳಿಕೊಡುತ್ತಿದ್ದ, ಜೂನಿಯರ್ ಕಲಿಯುತ್ತಿದ್ದ. ಟ್ರೈಸ್‌ಮನ್ ಬರ್ಕ್ಲಿಯಲ್ಲಿ ಕಂಡುಕೊಂಡದ್ದನ್ನು ಸಿದ್ಧಗಂಗೆಯ ಅಂಗಳದಲ್ಲಿ ಕೂತು ಓದಿದವರು ಯಾರೂ ಹೇಳದೆಯೇ ಬಲ್ಲರು.

ಸರ್ಕಾರದ ನೆರವಿಗೂ ಹಳೆಯ ಚರಿತ್ರೆಯಿದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮುನ್ನ. ಆಗ ಡಾ. ಅಂಬೇಡ್ಕರ್ ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದರು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಇದೇ ಯೋಜನೆಗೆ ಐದು ವರ್ಷಗಳಿಗೆಂದು ರಾಜ್ಯಗಳ ಪಾಲೂ ಸೇರಿ 59 ಸಾವಿರ ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಹಣ ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ. ನಡುವೆ ಸೋರಿಕೆ ತಪ್ಪಿಸಲು ಇದು ಒಳ್ಳೆಯ ದಾರಿಯೇ.

ಆದರೆ ಖಾತೆಗೆ ಬಿದ್ದ ಹಣ ಮಗುವಿಗೆ ಕ್ಯಾಲ್ಕುಲಸ್ ಹೇಳಿಕೊಡುವುದಿಲ್ಲ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯನ್ನು ಹೇಗೋ ಇಂಗ್ಲಿಷಿನಲ್ಲಿ ದಾಟಿ, ಗ್ರಾಮೀಣ ಕೋಟಾದಲ್ಲೋ ಕನ್ನಡ ಮಾಧ್ಯಮದ ಕೋಟಾದಲ್ಲೋ ಎಂಜಿನಿಯರಿಂಗ್ ಸೀಟು ಹಿಡಿದು ಬಂದ ಹುಡುಗಿಯನ್ನು ನೆನಪಿಸಿಕೊಳ್ಳಿ. ಊರಿಗೆಲ್ಲ ಮೊದಲ ಎಂಜಿನಿಯರ್ ಆಗಲಿರುವವಳು. ಮೊದಲ ವಾರ ಪಾಠ ಅರ್ಥವಾಗುವುದಿಲ್ಲ. ಕೈಯೆತ್ತಿ ಕೇಳಲು ಇಂಗ್ಲಿಷ್ ಬಾರದು. ಪಕ್ಕದವರು ಕೋಚಿಂಗ್‌ನಲ್ಲಿ ಇದನ್ನೆಲ್ಲ ಮುಗಿಸಿ ಬಂದಿದ್ದಾರೆ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಹೋಯಿತು, ಗ್ರಾಫಿಕ್ಸೂ ಹೋಯಿತು. ಎರಡು ಬ್ಯಾಕ್. ಮನೆಗೆ ಫೋನ್ ಮಾಡಿದರೆ ಅಪ್ಪ, "ಚೆನ್ನಾಗಿ ಓದವ್ವ" ಎನ್ನುತ್ತಾರೆ. ಏನು ಓದಬೇಕು, ಹೇಗೆ ಓದಬೇಕು ಎಂದು ಹೇಳಲು ಅವರಿಗೆ ಗೊತ್ತಿಲ್ಲ. ಸೀಟು ಸಿಕ್ಕಿದೆ, ವಿದ್ಯಾರ್ಥಿವೇತನವೂ ಸಿಕ್ಕಿದೆ. ಇಲ್ಲದಿರುವುದು ಕೈಹಿಡಿಯುವ ವ್ಯವಸ್ಥೆ. ಅದಕ್ಕೆ ದುಡ್ಡು ಕೊಡುವವರು ಯಾರು?

ನಮ್ಮಲ್ಲಿ ಇಂಥ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ವಿಶ್ವಬ್ಯಾಂಕ್ ನೆರವಿನ 'ಟೆಕ್ವಿಪ್' ಯೋಜನೆ 2003ರಿಂದ 2021ರವರೆಗೆ ಮೂರು ಹಂತಗಳಲ್ಲಿ ನಡೆಯಿತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳೂ ಅದರಲ್ಲಿದ್ದವು. ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ ಕಾಲೇಜು 'ಸಮಾನತೆಯ ಕಾರ್ಯಯೋಜನೆ' ಮಾಡಿ, ಹಿಂದುಳಿದ ಮಕ್ಕಳಿಗೆ ಸೇತುಬಂಧ ತರಗತಿ, ಭಾಷಾ ತರಬೇತಿ ನಡೆಸಬೇಕೆಂಬ ಷರತ್ತಿತ್ತು. ಹಣ ಕಾಲೇಜಿಗೆ, ಹೊಣೆಯೂ ಕಾಲೇಜಿಗೆ. ಮಾಡಿದ ಕಡೆ ಪ್ರಯೋಜನವಾಯಿತು. ಆದರೆ ಯೋಜನೆಯ ಹಣದಲ್ಲಿ ಶುರುವಾದದ್ದು ಯೋಜನೆ ಮುಗಿದ ಮೇಲೂ ಉಳಿಯಬೇಕಾದರೆ ಅದು ಕಾಲೇಜಿನ ಅಭ್ಯಾಸವಾಗಬೇಕು.

2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇದೇ ಬಗೆಯ 'ಮೆರೈಟ್' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿದೆ: 175 ಎಂಜಿನಿಯರಿಂಗ್ ಕಾಲೇಜುಗಳು, 100 ಪಾಲಿಟೆಕ್ನಿಕ್‌ಗಳು, ಒಟ್ಟು 4,200 ಕೋಟಿ ರೂಪಾಯಿ. ಅರ್ಧದಷ್ಟು ವಿಶ್ವಬ್ಯಾಂಕ್ ಸಾಲ. ಕಟ್ಟಡ, ಯಂತ್ರಗಳ ಜೊತೆಗೆ ಈ ಹುಡುಗಿಯ ಹೆಸರಿಗೂ ಅದರಲ್ಲಿ ಒಂದು ಪಾಲು ಇರಬೇಕೆಂದು ಕೇಳುವುದು ನಮ್ಮ ಕೆಲಸ.

ಐಐಟಿಗಳಲ್ಲಿ ಹುಡುಗಿಯರ ಸಂಖ್ಯೆ ಹೆಚ್ಚಿಸಲು 2018ರಿಂದ ಹೆಚ್ಚುವರಿ ಸೀಟುಗಳನ್ನೇ ಸೃಷ್ಟಿಸಿದರು. ಆ ವರ್ಷ ಶೇ. 14, ಮರುವರ್ಷ 17, 2020ಕ್ಕೆ 20 ಎಂದು ಗುರಿಯಿಟ್ಟರು. ಹುಡುಗರ ಸೀಟು ಒಂದೂ ಕಡಿಮೆಯಾಗಲಿಲ್ಲ, ಹುಡುಗಿಯರ ಪಾಲು ಹೆಚ್ಚಿತು. ಮನಸ್ಸು ಮಾಡಿದರೆ ಬೇಗನೆ ಆಗುವ ಕೆಲಸಗಳೂ ಇವೆ ಎಂಬುದಕ್ಕೆ ಇದು ಸಾಕ್ಷಿ.

ಹದಿನೇಳೂವರೆ ಸಾವಿರದ ಬೆಲೆ

ಕೆಲವೊಮ್ಮೆ ಸಣ್ಣ ಮೊತ್ತವೇ ದೊಡ್ಡ ಗೋಡೆಯಾಗುತ್ತದೆ. 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗನಿಗೆ ಧನಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತು. ಸೀಟು ಉಳಿಸಿಕೊಳ್ಳಲು ಕಟ್ಟಬೇಕಿದ್ದದ್ದು 17,500 ರೂಪಾಯಿ. ಊರವರಿಂದ ಹಣ ಹೊಂದಿಸಿ ಕಟ್ಟಲು ಕೂತಾಗ ಗಡುವು ಮುಗಿಯಲು ಕೆಲವೇ ನಿಮಿಷ. ಅಷ್ಟರಲ್ಲಿ ಸಮಯ ಮೀರಿತು, ಸೀಟು ಹೋಯಿತು. ಆ ದಲಿತ ಹುಡುಗ ಸುಪ್ರೀಂ ಕೋರ್ಟಿನವರೆಗೆ ಹೋದ. ಸೆಪ್ಟೆಂಬರ್ 30ರಂದು ನ್ಯಾಯಾಲಯ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, ಬೇರೆ ಯಾರ ಸೀಟಿಗೂ ಧಕ್ಕೆಯಾಗದಂತೆ ಅವನನ್ನು ಸೇರಿಸಿಕೊಳ್ಳಲು ಆದೇಶಿಸಿತು.

ನ್ಯಾಯ ಸಿಕ್ಕಿತು, ಸಂತೋಷ. ಆದರೆ 17,500 ರೂಪಾಯಿಗಾಗಿ ಒಂದು ಮಗು ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತಬೇಕೇ? ಎಲ್ಲರಿಗೂ ದೆಹಲಿಯ ದಾರಿ ಗೊತ್ತಿರುತ್ತದೆಯೇ? ಕಾಲೇಜಿನ ಕೈಯಲ್ಲೇ ಒಂದು ಆಪತ್ಕಾಲದ ನಿಧಿಯಿದ್ದು, "ಮೊದಲು ಸೇರಿಕೋ, ಲೆಕ್ಕ ಆಮೇಲೆ ನೋಡೋಣ" ಎನ್ನುವ ಅಧಿಕಾರ ಪ್ರಾಂಶುಪಾಲರಿಗಿದ್ದರೆ ಈ ಕಥೆ ಒಂದು ಅರ್ಜಿಯಲ್ಲಿ ಮುಗಿಯುತ್ತಿತ್ತು.

ಕಾಲೇಜನ್ನು ಹೀಗೆ ಕೇಳಿ

ಜೂನ್, ಜುಲೈ ಬಂದರೆ ಪಾಲಕರು ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತಾರೆ. ಕೇಳುವ ಪ್ರಶ್ನೆಗಳು ಎರಡೇ: ಫೀಜು ಎಷ್ಟು? ಪ್ಲೇಸ್‌ಮೆಂಟ್ ಎಷ್ಟು? ಈ ಬಾರಿ ಇನ್ನೂ ನಾಲ್ಕನ್ನು ಕೇಳಿ ನೋಡಿ.

ಒಂದು, ಮೊದಲ ವರ್ಷದಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಏನು ಏರ್ಪಾಡಿದೆ? "ಅವರೇ ಓದ್ಕೋಬೇಕು" ಎಂಬ ಉತ್ತರ ಬಂದರೆ ಯೋಚಿಸಿ.

ಎರಡು, ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ, ತಿಂಗಳಿಗೆ ಎಷ್ಟು ಸಲ ಭೇಟಿಯಾಗುತ್ತಾರೆ? ಕಾಗದದ ಮೇಲಿನ ಮಾರ್ಗದರ್ಶನ ಬೇಡ.

ಮೂರು, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಭಾಷೆಯ ನೆರವಿದೆಯೇ?

ನಾಲ್ಕು, ವಿದ್ಯಾರ್ಥಿವೇತನ ತಡವಾದರೆ ಹಾಲ್ ಟಿಕೆಟ್ ತಡೆಹಿಡಿಯುತ್ತಾರೋ, ಕಾಯುತ್ತಾರೋ?

ಮಕ್ಕಳಿಗೂ ಒಂದು ಮಾತು. ಕಾಲೇಜು ಏನೂ ಮಾಡದಿದ್ದರೂ ಹಣ ಖರ್ಚಾಗದ ಒಂದು ಕೆಲಸವನ್ನು ನೀವೇ ಮಾಡಬಹುದು. ನಾಲ್ಕು ಜನ ಸೇರಿ, ವಾರಕ್ಕೆ ಎರಡು ಸಂಜೆ, ಮೊಬೈಲ್ ಬದಿಗಿಟ್ಟು, ಒಂದೇ ಲೆಕ್ಕದ ಮುಂದೆ ಕೂರಿ. ಮೊದಲು ಒಬ್ಬೊಬ್ಬರೇ ಮಾಡಿ, ಆಮೇಲೆ ಒಬ್ಬರಿಗೊಬ್ಬರು ಹೇಳಿ. ಬಾರದ್ದನ್ನು ಬಾರದು ಎಂದು ಒಪ್ಪಿಕೊಳ್ಳಲು ನಾಚಬೇಡಿ. ಕನ್ನಡದಲ್ಲೇ ಚರ್ಚಿಸಿ, ಇಂಗ್ಲಿಷಿನಲ್ಲಿ ಬರೆಯಿರಿ. ಬರ್ಕ್ಲಿಯಲ್ಲಿ ಫಲ ಕೊಟ್ಟದ್ದು ಬಾಗಲಕೋಟೆಯಲ್ಲಿ ಕೊಡದೇ ಇರುತ್ತದೆಯೇ?

ಕೊನೆಯದಾಗಿ ಮತ್ತೆ ಆ ವೀಸಾದ ವಿಚಾರ. ಇಲ್ಲಿಂದ ಹೋಗುವ ಎಂಜಿನಿಯರನ್ನು ಸಾಕಿ, ಓದಿಸಿ, ಕೈಗೆ ಪದವಿ ಕೊಟ್ಟು ಕಳಿಸಿದ್ದು ನಮ್ಮ ಮನೆಗಳು, ನಮ್ಮ ತೆರಿಗೆಯ ಹಣ. ಅವನ ಹೆಸರಿನಲ್ಲಿ 450 ಡಾಲರ್ ತೆಗೆದು ತನ್ನ ಬಡ ಮಕ್ಕಳ ಕಾಲೇಜಿಗೆ ಕೊಡುವ ಜಾಣತನ ಆ ದೇಶಕ್ಕಿದೆ. ತಾನು ಓದಿದ ಹಳ್ಳಿಯ ಶಾಲೆಗೆ, ಊರಿನ ಕಾಲೇಜಿಗೆ ಅಷ್ಟನ್ನೇ ತಾನಾಗಿ ಕಳಿಸುವ ಮನಸ್ಸು ನಮ್ಮ ಹುಡುಗರಿಗಿದ್ದರೆ? ಅದನ್ನು ಪಡೆದು ಸರಿಯಾಗಿ ಖರ್ಚುಮಾಡುವ ಪ್ರಾಮಾಣಿಕತೆ ನಮ್ಮ ಕಾಲೇಜುಗಳಿಗಿದ್ದರೆ? ಎರಡು ಬ್ಯಾಕ್ ಹೊತ್ತು ಹಾಸ್ಟೆಲಿನ ಮೂಲೆಯಲ್ಲಿ ಕೂತ ಆ ಹುಡುಗಿ ಮುಂದಿನ ಸೆಮಿಸ್ಟರಿಗೆ ಮತ್ತೆ ಕ್ಲಾಸಿಗೆ ಬಂದಾಳು.

ನಿಮ್ಮ ಗಮನಕ್ಕೆ

• ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ: ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನಿಯಮದಂತೆ ಕುಟುಂಬದ ವಾರ್ಷಿಕ ಆದಾಯ ಮಿತಿ 2.5 ಲಕ್ಷ ರೂ. ಕರ್ನಾಟಕದಲ್ಲಿ ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ.

• ಪ್ರಗತಿ: ಎಐಸಿಟಿಇ ಮಾನ್ಯತೆಯ ತಾಂತ್ರಿಕ ಡಿಪ್ಲೊಮಾ, ಪದವಿ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50 ಸಾವಿರ ರೂ. ಆದಾಯ ಮಿತಿ 8 ಲಕ್ಷ. ಒಂದು ಕುಟುಂಬದ ಇಬ್ಬರಿಗೆ ಅವಕಾಶ.

• ಸಕ್ಷಮ್: ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ತಾಂತ್ರಿಕ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50 ಸಾವಿರ ರೂ.

• ಎಸ್‌ಎನ್‌ಕ್ಯೂ ಸೀಟುಗಳು: ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ವಿನಾಯಿತಿ. ಸಿಇಟಿ ಅರ್ಜಿಯಲ್ಲೇ ಕೇಳಬೇಕು; ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಮಿತಿ, ದಿನಾಂಕಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ತಪ್ಪದೆ ನೋಡಿ. ಗಡುವಿನ ಕೊನೆಯ ದಿನದವರೆಗೆ ಮಾತ್ರ ಕಾಯಬೇಡಿ.